ಗಡಗಡ ಓದ್ತಾರೆ, ಅರ್ಥ ಮಾತ್ರ ಆಗಲ್ಲ: ಇಂಥ ಮಕ್ಕಳಿಗೆ ಎಂಥ ಆಟ ಬೇಕು?

ನಾಲ್ಕನೇ ತರಗತಿಯ ಮಗು ಪಾಠವನ್ನು ಗಡಗಡ ಓದಿ ಮುಗಿಸುತ್ತೆ. 'ಏನು ಓದ್ದೆ, ಹೇಳು' ಅಂದ್ರೆ ಮಾತ್ರ ಸುಮ್ಮನೆ ಮುಖ ನೋಡುತ್ತೆ. ಎಷ್ಟೋ ಮನೆಗಳಲ್ಲಿ ಇದು ನಿತ್ಯದ ಕಥೆ. ಬೈದು ಸಾಕಾದ ಪೋಷಕರು ಕೊನೆಗೆ ಮೊಬೈಲ್‌ನಲ್ಲಿ ಯಾವುದೋ ಕಲಿಕಾ ಆಟ ಹಾಕಿ ಕೊಡ್ತಾರೆ. ಆದರೆ ಎಲ್ಲ ಆಟವೂ ಅರ್ಥ ಮಾಡಿಕೊಳ್ಳೋದನ್ನು ಕಲಿಸಲ್ಲ.

ತೊಡಕು ಎಲ್ಲಿದೆ?

ಅಕ್ಷರ ಬಿಡಿಸಿ ಓದುವುದು ಒಂದು, ಕೇಳಿದ ಮಾತು ತಿಳಿಯುವುದು ಇನ್ನೊಂದು. ಈ ಎರಡರ ಗುಣಾಕಾರವೇ ಓದಿನ ಅರ್ಥಗ್ರಹಿಕೆ ಎಂದು ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಹೇಳಿದರು. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ.

ಇದನ್ನು ಮನೆಯಲ್ಲೇ ನೋಡಬಹುದು. ಒಂದೇ ಮಟ್ಟದ ಎರಡು ಪುಟ್ಟ ಕಥೆ ತೆಗೆದುಕೊಳ್ಳಿ. ಒಂದನ್ನು ನೀವು ಓದಿ ಹೇಳಿ, ಇನ್ನೊಂದನ್ನು ಮಗುವೇ ಓದಲಿ. ಎರಡರ ಮೇಲೂ ಪ್ರಶ್ನೆ ಕೇಳಿ. ಕೇಳಿದ್ದು ತಿಳಿದು, ಓದಿದ್ದು ತಿಳಿಯದಿದ್ದರೆ ತೊಡಕು ಹೆಚ್ಚಾಗಿ ಅಕ್ಷರದಲ್ಲಿದೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳಿವೆ. ಅವನ್ನು ಗುರುತಿಸುವುದರಲ್ಲೇ ಗಮನವೆಲ್ಲ ಖರ್ಚಾದರೆ ಅರ್ಥಕ್ಕೆ ಉಳಿಯಲ್ಲ. ಕೇಳಿದರೂ ತಿಳಿಯದಿದ್ದರೆ ಪದಗಳ ಪರಿಚಯ ಕಡಿಮೆ ಇರಬಹುದು. ಮನೆಮಾತು ಉರ್ದು, ತೆಲುಗು, ಲಂಬಾಣಿ ಆಗಿರುವ ಮಗುವಿಗೆ ಪುಸ್ತಕದ ಕನ್ನಡ ಹೊಸದು. ಇದು ದಡ್ಡತನ ಅಲ್ಲ.

ಆಟಕ್ಕೆ ಒಂದೇ ಪರೀಕ್ಷೆ

ಅರ್ಥ ಆಗದೇನೂ ಮಗು ಗೆಲ್ಲಬಹುದಾ? ಗೆಲ್ಲಬಹುದು ಅಂದ್ರೆ ಆ ಆಟ ಈ ಕೆಲಸಕ್ಕೆ ಬರಲ್ಲ. ಬೇಗ ಓದಿದವರಿಗೆ ಅಂಕ ಕೊಡುವ ಆಟ ವೇಗ ಕಲಿಸುತ್ತೆ, ಅಷ್ಟೇ. ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತುವ ಆಟದಲ್ಲಿ ಅಂದಾಜಿನ ಮೇಲೂ ಗೆಲ್ಲಬಹುದು.

ಖರ್ಚಿಲ್ಲದ ಮೂರು ಆಟ

ಚೀಟಿ ಆಟ: 'ನೀಲಿ ಮುಚ್ಚಳದ ಡಬ್ಬ ಬಿಟ್ಟು ಉಳಿದ ಎರಡನ್ನು ತಾ' ಎಂದು ಚೀಟಿ ಬರೆದು ಕೊಡಿ. 'ಬಿಟ್ಟು' ಅನ್ನೋದು ತಿಳಿಯದಿದ್ದರೆ ತಪ್ಪು ಡಬ್ಬ ಬರುತ್ತೆ. ಅಂಗಡಿಯವರ ಮಕ್ಕಳಿಗಂತೂ ಸಾಮಾನು ಕಣ್ಣೆದುರೇ ಇದೆ.

ಸಾಲು ಜೋಡಿಸು: ನಾಲ್ಕು ಸಾಲಿನ ಕಥೆಯನ್ನು ಕತ್ತರಿಸಿ ಕಲಸಿಡಿ. 'ಆಮೇಲೆ', 'ಅದನ್ನು', 'ಆದರೂ' ಎಂಬ ಪದಗಳ ಜಾಡು ಹಿಡಿದರೆ ಮಾತ್ರ ಕಥೆ ಕೂಡುತ್ತೆ.

ಎಡವಟ್ಟು ಹುಡುಕು: 'ಮಳೆ ಜೋರಾಗಿ ಬಂತು. ಅದಕ್ಕೇ ಅಮ್ಮ ಬಟ್ಟೆ ಒಣಗಲು ಹೊರಗೆ ಹಾಕಿದರು.' ಇಲ್ಲೇನು ಎಡವಟ್ಟು? ನಕ್ಕ ಮಗುವಿಗೆ ಅರ್ಥ ಆಗಿದೆ ಅಂತಲೇ ಲೆಕ್ಕ.

ಅಕ್ಷರದಲ್ಲೇ ತೊಡಕಿದ್ದರೆ ಒತ್ತಕ್ಷರ ಕಡಿಮೆ ಇರುವ ಚಿಕ್ಕ ವಾಕ್ಯದಿಂದ ಶುರು ಮಾಡಿ. ಪದಗಳೇ ಗೊತ್ತಿಲ್ಲದಿದ್ದರೆ ಆಟಕ್ಕೆ ಮೊದಲು ಆ ಪದಗಳನ್ನು ಮಾತಿನಲ್ಲಿ, ವಸ್ತು ತೋರಿಸಿ ಹೇಳಿ.

ಇವು ನೆನಪಿರಲಿ

ಗಡಿಯಾರ ಬೇಡ. ತಪ್ಪಿದರೆ ಉತ್ತರ ಹೇಳಬೇಡಿ, 'ಇನ್ನೊಂದ್ಸಲ ಓದು' ಅನ್ನಿ. ಅಣ್ಣ ತಂಗಿಯರ ಎದುರು ಹೋಲಿಸಬೇಡಿ, ಸೋತು ನಾಚಿದ ಮಗು ಮತ್ತೆ ಚೀಟಿ ಮುಟ್ಟಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು.

ಆಡ್ತಾ ಕಲಿಯೋದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಕಾರ್ಡುಗಳ ಮೂಲಕವೇ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು.

ಕೆಲವು ತಿಂಗಳು ಆಡಿಸಿದರೂ ಬದಲಾವಣೆ ಕಾಣದಿದ್ದರೆ ಮಗುವಿನ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಶಿಕ್ಷಕರ ಹತ್ತಿರ ಮಾತಾಡಿ. ಕಲಿಕಾ ನ್ಯೂನತೆಯೂ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನೂ ಪಟ್ಟಿಯಲ್ಲಿ ಸೇರಿಸಿದೆ. ಬೈಯ್ಯೋದಕ್ಕಿಂತ ಮೊದಲು ತೊಡಕು ಎಲ್ಲಿದೆ ಅಂತ ನೋಡಿ.