ರೆಜಿಮೆಂಟಿನ ಧ್ವಜ (ಬ್ರಿಟಿಷ್ ಸೇನೆ)

ರೆಜಿಮೆಂಟಿನ ಧ್ವಜ ಅಥವಾ 'ಕಲರ್ಸ್' ಎಂಬುದು ಬ್ರಿಟಿಷ್ ಪದಾತಿ ದಳಗಳು 19ನೆಯ ಶತಮಾನದ ಉತ್ತರಾರ್ಧದವರೆಗೂ ರಣರಂಗಕ್ಕೆ ಕೊಂಡೊಯ್ಯುತ್ತಿದ್ದ ಲಾಂಛನ ಧ್ವಜ. ಸೈನಿಕರು ಒಂದುಗೂಡುವ ಗುರುತಾಗಿ ಬಳಕೆಗೆ ಬಂದ ಇದು ಕಾಲಕ್ರಮೇಣ ದಳದ ಮಾನದ ಪ್ರತೀಕವಾಯಿತು. ಧ್ವಜವು ಶತ್ರುವಿನ ವಶವಾಗುವುದು ಘೋರ ಅಪಮಾನವೆನಿಸಿದ್ದರಿಂದ ಅದರ ರಕ್ಷಣೆಗಾಗಿ ಅನೇಕರು ಪ್ರಾಣ ತೆತ್ತರು.

ಸ್ವರೂಪ

18ನೆಯ ಶತಮಾನದ ಮಧ್ಯಭಾಗದ ನಿಯಮಗಳ ಪ್ರಕಾರ ಪದಾತಿ ದಳಕ್ಕೆ ಎರಡು ಧ್ವಜಗಳಿರುತ್ತಿದ್ದವು. ಒಂದು ಯೂನಿಯನ್ ಧ್ವಜದ ವಿನ್ಯಾಸವುಳ್ಳ ರಾಜನ ಅಥವಾ ರಾಣಿಯ ಧ್ವಜ. ಇನ್ನೊಂದು ರೆಜಿಮೆಂಟಿನ ಸ್ವಂತ ಧ್ವಜ. ದಳಕ್ಕೆ ಕೀರ್ತಿ ತಂದ ಯುದ್ಧಗಳ ಹೆಸರುಗಳನ್ನು ಧ್ವಜದ ಮೇಲೆ ನಮೂದಿಸಲಾಗುತ್ತಿತ್ತು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡ ಕೆಲವು ದಳಗಳಿಗೆ 'ಸೆರಿಂಗಪಟಮ್' ಎಂಬ ಗೌರವವು ಹೀಗೆ ದೊರೆತಿದೆ. ಆರಂಭದಲ್ಲಿ ಸುಮಾರು 6 ಅಡಿಗಳಷ್ಟಿದ್ದ ಧ್ವಜದ ಅಳತೆಯನ್ನು 1868ರಲ್ಲಿ 3 ಅಡಿ 9 ಅಂಗುಲ ಉದ್ದ, 3 ಅಡಿ ಅಗಲಕ್ಕೆ ಇಳಿಸಲಾಯಿತು.

ಉಪಯೋಗ ಮತ್ತು ಅಪಾಯ

ಕೋವಿಮದ್ದಿನ ದಟ್ಟ ಹೊಗೆಯಲ್ಲಿ ಎತ್ತರದ ಧ್ವಜವನ್ನು ನೋಡಿ ಸೈನಿಕರು ತಮ್ಮ ದಳದ ನೆಲೆಯನ್ನು ತಿಳಿಯುತ್ತಿದ್ದರು. ಆದರೆ ಅದೇ ಎತ್ತರ ಶತ್ರುವಿಗೂ ಗುರಿಯಾಗುತ್ತಿತ್ತು. ಧ್ವಜ ಹಿಡಿಯುವ ಹೊಣೆ 'ಎನ್‌ಸೈನ್' ಎಂಬ ಅತ್ಯಂತ ಕಿರಿಯ ಅಧಿಕಾರಿಗಳದು. ಅವರಲ್ಲಿ ಹಲವರು ಹದಿಹರೆಯದವರು. 1813ರಲ್ಲಿ 'ಕಲರ್ ಸಾರ್ಜೆಂಟ್' ಎಂಬ ಹುದ್ದೆಯನ್ನು ಸೃಷ್ಟಿಸಲಾಯಿತು. 1811ರ ಮೇ 16ರಂದು ಸ್ಪೇನಿನ ಆಲ್ಬುಯೆರಾ ಕದನದಲ್ಲಿ ಲೆಫ್ಟಿನೆಂಟ್ ಮ್ಯಾಥ್ಯೂ ಲೇಥಮ್ ಒಂದು ತೋಳನ್ನು ಕಳೆದುಕೊಂಡರೂ ರಾಜನ ಧ್ವಜವನ್ನು ಬಿಟ್ಟುಕೊಡದೆ ಉಳಿಸಿದರು.

ಇಸಾಂಡ್ಲ್ವಾನಾ (1879)

1879ರ ಜನವರಿ 22ರಂದು ದಕ್ಷಿಣ ಆಫ್ರಿಕಾದ ಇಸಾಂಡ್ಲ್ವಾನಾದಲ್ಲಿ ಜುಲು ಸೈನ್ಯವು ಬ್ರಿಟಿಷರನ್ನು ಸೋಲಿಸಿತು. 24ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಮೆಲ್ವಿಲ್ ರಾಣಿಯ ಧ್ವಜದೊಂದಿಗೆ ಬಫಲೋ ನದಿಗಿಳಿದಾಗ ಪ್ರವಾಹವು ಅದನ್ನು ಕಸಿದುಕೊಂಡಿತು. ಆಗಲೇ ದಡ ಸೇರಿದ್ದ ಲೆಫ್ಟಿನೆಂಟ್ ಕಾಗ್‌ಹಿಲ್ ಅವರ ನೆರವಿಗೆ ಹಿಂದಿರುಗಿದರು, ಇಬ್ಬರೂ ಹತರಾದರು. ಧ್ವಜವು ಫೆಬ್ರವರಿ 4ರಂದು ನದಿಯಲ್ಲಿ ದೊರೆಯಿತು. ಅಂದು ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ನೀಡುವ ಪದ್ಧತಿ ಇರಲಿಲ್ಲ. 1907ರಲ್ಲಿ ಇಬ್ಬರಿಗೂ ಅದು ಸಂದಿತು. ಆ ಧ್ವಜವು ವೇಲ್ಸಿನ ಬ್ರೆಕನ್ ಕೆಥೆಡ್ರಲ್‌ಗೆ ಸೇರಿದೆ.

ಪದ್ಧತಿಯ ಅಂತ್ಯ

ದೂರದಿಂದಲೇ ನಿಖರವಾಗಿ ಹೊಡೆಯಬಲ್ಲ ರೈಫಲುಗಳ ಮುಂದೆ ಎದ್ದುಕಾಣುವ ಧ್ವಜವು ನೆರವಾಗುವುದಕ್ಕಿಂತ ಮಾರಕವಾಗತೊಡಗಿತು. 1881ರ ಜನವರಿ 28ರಂದು ಮೊದಲನೆಯ ಬೋಯರ್ ಯುದ್ಧದ ಲೈಂಗ್ಸ್ ನೆಕ್ ಕದನದಲ್ಲಿ 58ನೆಯ ರೆಜಿಮೆಂಟು ಧ್ವಜಗಳೊಂದಿಗೆ ಗುಡ್ಡವೇರಿ ಭಾರಿ ನಷ್ಟ ಅನುಭವಿಸಿತು. ಬ್ರಿಟಿಷ್ ರೆಜಿಮೆಂಟೊಂದು ತನ್ನ ಧ್ವಜಗಳನ್ನು ಕದನಕ್ಕೆ ಒಯ್ದದ್ದು ಇದೇ ಕೊನೆಯೆಂದು ಪರಿಗಣಿಸಲಾಗಿದೆ. ಅನಂತರ ಧ್ವಜಗಳು ಕವಾಯತು ಮತ್ತು ಸಮಾರಂಭಗಳಿಗೆ ಸೀಮಿತವಾದವು. ಸೈನಿಕರು ತಮ್ಮ ಧ್ವಜವನ್ನು ಗುರುತಿಸಲೆಂದು ಅದನ್ನು ಸಾಲುಗಳ ಮುಂದೆ ಒಯ್ಯುತ್ತಿದ್ದ ವಾಡಿಕೆಯೇ ಲಂಡನ್ನಿನಲ್ಲಿ ಪ್ರತಿವರ್ಷ ಜೂನ್ ತಿಂಗಳಲ್ಲಿ ನಡೆಯುವ 'ಟ್ರೂಪಿಂಗ್ ದ ಕಲರ್' ಸಮಾರಂಭದ ಮೂಲ.