ಮಗು ಅಂಗನವಾಡಿಗೆ ರೆಡಿ ಇದೆಯಾ? ಅಕ್ಷರ ಬರುತ್ತಾ ಅಂತ ನೋಡಬೇಡಿ

ಜೋಯಿಡಾ: 3 ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಕಳಿಸಬಹುದು. ಆದರೆ ಮಗು ತಯಾರಿದೆಯಾ ಅಂತ ತಿಳಿಯೋದು ಹೇಗೆ? ಉಚ್ಚೆ ಬಂದರೆ ಹೇಳುತ್ತಾ, ಕೈಯಾರೆ ನಾಲ್ಕು ತುತ್ತು ಉಣ್ಣುತ್ತಾ, ಅಮ್ಮ ಇಲ್ಲದೆ ಪಕ್ಕದ ಮನೆಯಲ್ಲಿ ಒಂದು ತಾಸು ಇರುತ್ತಾ, ಅಷ್ಟು ನೋಡಿ. ಮೊದಲ ವಾರ ಅಳೋದು ಇದ್ದದ್ದೇ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಕುಣಬಿ ಮಕ್ಕಳ ಮನೆಮಾತು ಕೊಂಕಣಿ, ಹಳಿಯಾಳ, ಮುಂಡಗೋಡದ ಗೌಳಿ ಮಕ್ಕಳದ್ದು ಮರಾಠಿ. ನೀರಿಗೆ ‘ಉದಕ’ ಎನ್ನುವ ಮಗು ಕನ್ನಡ ಕೇಳಿ ಸುಮ್ಮನೆ ಕೂತರೆ, ‘ಇನ್ನೂ ಸಣ್ಣದು, ಮುಂದಿನ ವರ್ಷ ನೋಡೋಣ’ ಅಂತ ಮನೆಗೆ ಕರ್ಕೊಂಡು ಬರ್ತಾರೆ. ಸುಮ್ಮನೆ ಒಂದು ವರ್ಷ ಹೋಯ್ತು. ಅದರ ಬದಲು ನೀರು, ಊಟ, ಉಚ್ಚೆಗೆ ಮನೆಯಲ್ಲಿ ಏನಂತೀರಿ ಅಂತ ಮೊದಲ ದಿನವೇ ಟೀಚರ್‌ಗೆ ಹೇಳಿಬಿಡಿ. ಮನೆಮಾತಲ್ಲೂ ಮಾತಾಡದಿದ್ದರೆ, ಇಲ್ಲವೇ ಹೆಸರು ಕರೆದರೂ ತಿರುಗದಿದ್ದರೆ ಡಾಕ್ಟರಿಗೆ ತೋರಿಸಿ.