ಮೊಣಕಾಲಿನ ಗುಳಿಗಿ, ಮನಸ್ಸಿನ ಗುಳಿಗಿ: ಎರಡೂ ಚೀಟಿ ಯಾರು ನೋಡ್ತಾರ?

ಇವತ್ತಿನ ಮಾತು ಎರಡು ಚೀಟಿ ಬಗ್ಗೆ.

ನಮ್ಮ ನೇಸರಗಿ ಕಡೆಯ ಒಬ್ಬ ರೈತ ಅಂದ್ಕೊಳ್ರಿ. ಬೈಪೋಲಾರ್ ಕಾಯಿಲೆಗೆ ಧಾರವಾಡದ ಡಿಮ್ಹಾನ್ಸ್‌ನಲ್ಲಿ ತೋರಿಸಿ ಲಿಥಿಯಂ ಗುಳಿಗೆ ತಗೋತಾನೆ, ಆರಾಮಾಗಿದ್ದಾನೆ. ಏಪ್ರಿಲ್ ಬಿಸಿಲಲ್ಲಿ ಹೊಲದ ಕೆಲಸ, ಮೊಣಕಾಲು ನೋವು. ಊರಲ್ಲೇ ಡಾಕ್ಟರ್ ಹತ್ತಿರ ಹೋದ. "ಬ್ಯಾರೆ ಏನರ ಗುಳಿಗಿ ನಡದಾವೇನು?" ಅಂತ ಅವರು ಕೇಳಿದರು. ಬಾಗಿಲ ಹೊರಗೆ ಬೆಂಚಿನ ಮೇಲೆ ಊರವರೇ ಕೂತಿದ್ದರು. "ಏನಿಲ್ರಿ" ಅಂದ. ಡಾಕ್ಟರ್ ಡೈಕ್ಲೋಫೆನಾಕ್ ಬರೆದರು.

ಕೆಲವೇ ದಿನಕ್ಕೆ ಕೈ ನಡುಕ ಜೋರು, ವಾಂತಿ, ಭೇದಿ, ನಡೆದರೆ ತೂರಾಟ, ಮಾತು ತೊದಲು. ನೋಡಿದವರು 'ಕುಡದಾನ' ಅಂತಾರೆ. ಆದರೆ ಇವು ಲಿಥಿಯಂ ಮೈಯಲ್ಲಿ ವಿಷವಾಗ್ತಿರೋ ಲಕ್ಷಣ ಇರಬಹುದು.

ಯಾಕೆ ಹೀಗೆ? ಲಿಥಿಯಂ ಒಂಥರ ಉಪ್ಪು. ಲಿವರ್ ಅದನ್ನು ಒಡೆಯಲ್ಲ, ಕಿಡ್ನಿಯಿಂದಲೇ ಹೊರಗೆ ಹೋಗಬೇಕು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಗುಳಿಗೆಗಳು ಕಿಡ್ನಿಗೆ ಹೋಗೋ ರಕ್ತ ಕಮ್ಮಿ ಮಾಡ್ತವೆ. ಲಿಥಿಯಂ ಒಳಗೇ ಉಳಿಯುತ್ತೆ. ಬೆವರು ಸುರಿದು ಮೈಯಲ್ಲಿ ನೀರು, ಉಪ್ಪು ಕಮ್ಮಿಯಾದರೂ ಅದೇ ಕತೆ. ಬಿಪಿಗೆ ಕೊಡೋ ಎನಲಾಪ್ರಿಲ್, ಲೋಸಾರ್ಟಾನ್ ಕೂಡ ಹೀಗೆ ಮಾಡಬಹುದು. ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು. 1.5 ದಾಟಿದರೆ ಅಪಾಯ. ನಾನು ಕಾಮರ್ಸ್ ಓದಿದವನು; ಇಷ್ಟು ಸಣ್ಣ ಮಾರ್ಜಿನ್‌ನಲ್ಲಿ ಯಾರೂ ಅಂಗಡಿ ಇಡಲ್ಲ.

ಒಂದು ಔಷಧಿ ಇನ್ನೊಂದಕ್ಕೆ ಹೊಂದುತ್ತಾ ಅಂತ ನೋಡೋಕೆ ಡಾಕ್ಟರ್‌ಗಳ ಫೋನಲ್ಲೇ ಆ್ಯಪ್ ಇರುತ್ತೆ. ಆದರೆ ಹೇಳದ ಗುಳಿಗೆಯನ್ನು ಆ್ಯಪ್ ಹೇಗೆ ಹುಡುಕೀತು? ಒಂದು ಚೀಟಿ ಧಾರವಾಡದ್ದು, ಇನ್ನೊಂದು ಊರಿನದು, ಮೆಡಿಕಲ್ ಶಾಪ್‌ನಲ್ಲಿ ಸುಮ್ಮನೆ ಕೇಳಿ ತಗೊಂಡಿದ್ದಕ್ಕೆ ಚೀಟಿಯೇ ಇಲ್ಲ. ನನ್ನ ಪ್ರಕಾರ ಡಾಕ್ಟರೂ ಇಂಥ ಪ್ರಶ್ನೆಯನ್ನು ಬಾಗಿಲು ಹಾಕಿಯೇ ಕೇಳಬೇಕು.

ಬೀಡಿಯೂ ಲೆಕ್ಕಕ್ಕೆ ಬರುತ್ತೆ, ಗೊತ್ತಾ? ಹೊಗೆಯಿಂದ ಕ್ಲೋಜಪಿನ್ ಅನ್ನೋ ಗುಳಿಗೆ ಮೈಯಲ್ಲಿ ಬೇಗ ಖಾಲಿಯಾಗುತ್ತೆ. ಒಮ್ಮೆಲೇ ಬೀಡಿ ಬಿಟ್ಟರೆ ಅದೇ ಡೋಸ್ ಹೆಚ್ಚಾಗಿಬಿಡುತ್ತೆ. ಬಿಡಿ, ಆದರೆ ಡಾಕ್ಟರಿಗೆ ಹೇಳಿ ಬಿಡಿ.

ಇದನ್ನು ಕೇಳಿ ಹೆದರಿ ಮನಸ್ಸಿನ ಗುಳಿಗೆ ನೀವೇ ನಿಲ್ಲಿಸಬೇಡಿ. ಲಿಥಿಯಂ ತಗೊಳ್ಳೋರಲ್ಲಿ ಮೇಲೆ ಹೇಳಿದ ಲಕ್ಷಣ ಕಂಡರೆ ಮಾತ್ರ ಮುಂದಿನ ಗುಳಿಗೆಗೂ ಮುಂಚೆ ಆಸ್ಪತ್ರೆಗೆ ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ಸಂದೇಹ ಇದ್ದರೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮನೆಯಲ್ಲಿ ಯಾರಾದರೂ ಇಂಥ ಗುಳಿಗೆ ತಗೋತಿದ್ರೆ ಇವತ್ತೇ ಅದರ ಹೆಸರು ಕಾಣೋ ಹಾಗೆ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ರಿ. ಬಾಯಿ ಬಿಟ್ಟು ಹೇಳೋಕೆ ಸಂಕೋಚ ಆದ್ರೆ ಡಾಕ್ಟರ್ ಮುಂದೆ ಫೋನ್ ಹಿಡೀರಿ, ಬೆಂಚಿನ ಮೇಲಿದ್ದವರಿಗೆ ಕೇಳಿಸಲ್ಲ.